ಅಳಿಸದೆ ಉಳಿದ ನಾಲಿಗೆ

ಅಪ್ಪಾ, ನನ್ನ ಮದುವೆ ಆಗಿಹೋಯಿತು, ಖುಷಿಯಲ್ಲಿ ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ! ಹುಡುಗ ನಿನಗೆ ಒಪ್ಪಿಗೆಯಾಗಲಿಲ್ಲ. ಅಂದಿನಿಂದ ನನ್ನ ಪತ್ರಗಳನ್ನು ನೀನು ಒಡೆಯುವುದೇ ಇಲ್ಲವಂತೆ, ಅಮ್ಮ ಹೇಳಿದಳು. ಹಾಗಾಗಿ ಇದನ್ನು ಕಳಿಸುವುದಿಲ್ಲ. ಆದರೆ ನಿನ್ನೆಯ ವಿಷಯ ನಿನಗಲ್ಲದೆ ಯಾರಿಗೆ ಹೇಳಲಿ?

ದಿನಾ ಆಫೀಸಿಗೆ ಹೋಗುವಾಗ ರೈಲಿನ ಕಿಟಕಿಯಿಂದ ಫೋಟೋ ತೆಗೆಯುತ್ತೇನೆ. ದಾರಿಯಲ್ಲಿ ಒಂದು ಗೋದಾಮಿನ ಛಾವಣಿಯ ಮೇಲೆ ನಾಯಿ ಮಲಗಿರುತ್ತದೆ, ಅಲ್ಲಿಗೆ ಹೇಗೆ ಹತ್ತುತ್ತದೋ! ಮನೆಗೆ ಬಂದು, ಕಿಟಕಿಯ ಗಾಜಿನಲ್ಲಿ ಮೂಡಿದ ನನ್ನ ಮುಖವನ್ನು ಕಂಪ್ಯೂಟರಿನಲ್ಲಿ ಅಳಿಸುತ್ತೇನೆ. ನಿನ್ನೆ ನನ್ನ ಗಂಡ ಹಿಂದೆ ಬಂದು ನಿಂತ. ಗಂಡ ಅಂತ ಬರೆಯುವಾಗಲೇ ನಗು ಬರುತ್ತದೆ.

"ಏಯ್, ನಿನ್ನನ್ನೇ ಯಾಕೆ ಅಳಿಸ್ತಿದ್ದೀಯ?"

"ಅಡ್ಡ ಬರುತ್ತೆ ಕಣೋ, ಫೋಟೋ ಕೆಡುತ್ತೆ."

"ತಡಿ ತಡಿ. ಇದೇನು, ನಾಲಿಗೆ ಹೊರಗೆ ಹಾಕಿದ್ದೀಯ?"

ದೊಡ್ಡದು ಮಾಡಿ ನೋಡಿದೆ. ತುಟಿಯ ಮೂಲೆಯಲ್ಲಿ ನಾಲಿಗೆಯ ತುದಿ! ಹಳೆಯವನ್ನೆಲ್ಲ ಹುಡುಕಿದೆ, ಅಳಿಸದೆ ಉಳಿದ ಪ್ರತಿಯೊಂದರಲ್ಲೂ ಅದೇ. ನಿನ್ನ ಸ್ಟುಡಿಯೋದಲ್ಲಿ ಅಳುವ ಮಕ್ಕಳೂ ಫೋಟೋ ತೆಗೆಯುವಾಗ ಹೊರಗೆ ಬರುವ ನಿನ್ನ ನಾಲಿಗೆ ನೋಡಿಯೇ ನಗುತ್ತಿದ್ದರಲ್ಲ. ಅದು ನನಗೆ ಯಾವಾಗ ಅಂಟಿತು? ನಿನಗೆ ಗೊತ್ತಿತ್ತಾ?

ಊರಿನವರೆಲ್ಲರ ಮದುವೆಯ ಫೋಟೋ ತೆಗೆದವನು ನೀನು. ನಮ್ಮದನ್ನು ಇವನ ಗೆಳೆಯ ತೆಗೆದ. ಅರ್ಧದಷ್ಟು ಫೋಟೋಗಳಲ್ಲಿ ನನಗೆ ತಲೆಯೇ ಇಲ್ಲ. ನೋಡಿದರೆ ಬೈಯುತ್ತೀಯ. ಬೈಯಪ್ಪ.

"ನಿಮ್ಮಪ್ಪನ ಹತ್ರಾನೇ ಒಂದು ಸರಿಯಾಗಿ ತೆಗೆಸ್ಕೊಳ್ಳೋಣ್ವಾ?" ಅಂದ ಇವನು. "ಬಾಗಿಲು ಹಾಕ್ಕೊಂಡ್ರೆ?" ಅಂದೆ. "ನೀನು ನಾಲಿಗೆ ತೋರಿಸು" ಅಂದ.

ಟಿಕೆಟ್ ಆಗಿದೆ ಅಪ್ಪಾ. ಭಾನುವಾರ, ಬೆಳಗಿನ ಎಕ್ಸ್‌ಪ್ರೆಸ್.