ಹರಕು ಚೀಲದವಳಿಗೆ ಒಂದೇ ಅಂಕ

ಕನ್ನಡಕದ ಅಂಗಡಿ,
ಗುರುವಾರ, ಊಟದ ಬಿಡುವು

ಕಲ್ಲುಮುಖದ ನನ್ನ ತಂಗಿಗೆ,

ಅಕ್ಕನ ಆಶೀರ್ವಾದ, ಈ ಸಲಕ್ಕೆ ಅರ್ಧ ಮಾತ್ರ. ಉಳಿದರ್ಧ ನಿನ್ನ ಉತ್ತರ ಬಂದ ಮೇಲೆ. ನಾನು ಕ್ಷೇಮವಾಗಿಲ್ಲ. ನೀನು ಕ್ಷೇಮವೋ ಅಲ್ಲವೋ ಎಂದು ತಿಳಿಸುವಷ್ಟು ಸೌಜನ್ಯವೂ ಐದು ಭಾನುವಾರದಿಂದ ನಿನಗಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ, ಮನೆಗೆ ಬಂದರೆ ಬಾಗಿಲಿಗೆ ಬೀಗ. ಅದಕ್ಕೇ ಕಾಗದ. ಫೋನಾದರೆ ನಡುವೆ ಕಟ್ ಮಾಡುತ್ತೀಯ, ಕಾಗದವನ್ನು ಏನು ಮಾಡುತ್ತೀಯೋ ನೋಡೋಣ.

ನಿನ್ನಿಂದ ನನ್ನ ಮಾನ ಹೋಯಿತು. ಮೊದಲು ಅದನ್ನು ಬರೆದು ಮುಗಿಸುತ್ತೇನೆ.

ಮೊನ್ನೆ ಶನಿವಾರ ಆಟದ ಕಾರ್ಡುಗಳ ಅಂಗಡಿಗೆ ಹೋಗಿದ್ದೆ. ಒಳಗೆ ಕಾಲಿಡುವಷ್ಟರಲ್ಲಿ ಆಟದ ಮೇಜಿನ ಕಡೆಯಿಂದ ಯಾರೋ, ಗೂಳಿಯಮ್ಮ ಬಂದ್ರು, ದಾರಿ ಬಿಡ್ರಪ್ಪಾ ಅಂದರು. ಎಲ್ಲರೂ ನಕ್ಕರು. ಗೋಡೆಯ ಮೇಲೆ ನನ್ನ ಅಂಕಣದ ಪುಟ ಅಂಟಿಸಿದ್ದಾರೆ. ಮೆಚ್ಚಿ ಅಂಟಿಸಿದ್ದಲ್ಲ. ‘ಕಬ್ಬಿಣದ ಗೂಳಿ’ಗೆ ಐದಕ್ಕೆ ಐದು, ‘ಹರಕು ಚೀಲದವಳು’ ಎಂಬ ಕಾರ್ಡಿಗೆ ಐದಕ್ಕೆ ಒಂದು ಅಂತ ನಾನು ಬರೆದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ದೊಡ್ಡ ಪಂದ್ಯದ ಫಲಿತಾಂಶ ಬರೆದಿದ್ದಾರೆ. ಕೊನೆಗೆ ಉಳಿದ ಎಂಟು ಆಟಗಾರರಲ್ಲಿ ಏಳು ಜನ ಹರಕು ಚೀಲದವಳನ್ನು ಇಟ್ಟುಕೊಂಡು ಆಡಿದವರು. ಗೂಳಿ ಒಬ್ಬರ ಹತ್ತಿರವೂ ಇರಲಿಲ್ಲ. ಆ ದರಿದ್ರ ಗೂಳಿಯನ್ನು ಮೇಜಿಗಿಳಿಸಲು ಏಳು ಸರದಿ ಕಾಯಬೇಕು, ಅಷ್ಟರಲ್ಲಿ ಎದುರಿನವರು ಗೆದ್ದು ಕಾಫಿ ಕುಡಿಯಲು ಎದ್ದಿರುತ್ತಾರೆ. ನನ್ನ ಮಾತು ನಂಬಿ ಗೂಳಿಗಳನ್ನು ರಾಶಿ ತರಿಸಿಟ್ಟಿದ್ದ ಅಂಗಡಿಯವಳು ಈಗ ಅವನ್ನು ಅಲುಗಾಡುವ ಮೇಜಿನ ಕಾಲಿನಡಿ ತುರುಕಿದ್ದಾಳೆ. ನನ್ನ ಕಣ್ಣಿಗೆ ಬೀಳಲಿ ಅಂತಲೇ ತುರುಕಿದ್ದಾಳೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಮರೆತವಳಂತೆ ಆಡುತ್ತಿದ್ದೀಯಲ್ಲ, ಅದಕ್ಕೆ. ನಿಮ್ಮ ಕಂಪನಿ ಹೊಸ ಸರಣಿಯ ಕಾರ್ಡುಗಳನ್ನು ಅಂಗಡಿಗೆ ಬಿಡುವ ಕೆಲವು ವಾರ ಮೊದಲು ಹೊರಗೆ ತೋರಿಸುತ್ತದೆ. ಆಗ ಯಾರೂ ಅವನ್ನು ಆಡಿರುವುದಿಲ್ಲ. ಕಾರ್ಡಿನ ಮೇಲಿನ ನಾಲ್ಕು ಸಾಲು ಓದಿ, ಇದು ಗೆಲ್ಲಿಸುವ ಕಾರ್ಡೋ ಕಸದ ಬುಟ್ಟಿಯ ಕಾರ್ಡೋ ಎಂದು ಅಂಕ ಹಾಕುವುದು ಪತ್ರಿಕೆಯಲ್ಲಿ ನನ್ನ ಅಂಕಣ. ಹಗಲೆಲ್ಲ ಊರವರ ಮೂಗಿಗೆ ಕನ್ನಡಕ ಕೂರಿಸುವ ಹೆಂಗಸಿಗೆ ಲೋಕದಲ್ಲಿ ಇದ್ದ ಒಂದೇ ಹೆಸರು ಅದು. ಕಳೆದ ನಾಲ್ಕು ವರ್ಷ, ಹದಿನಾರು ಸರಣಿ. ಪ್ರತಿ ಸಲವೂ ಎಲ್ಲಕ್ಕಿಂತ ಬಲವಾದ ಕಾರ್ಡು ಯಾವುದೆಂದು ಎಲ್ಲರಿಗಿಂತ ಮೊದಲು ಹೇಳಿದವಳು ನಾನು. ಹದಿನೇಳನೆಯದಕ್ಕೆ ಗೂಳಿಯಮ್ಮ ಆದೆ.

ಈಗ ಮೂರು ತಿಂಗಳ ಹಿಂದಿನ ಆ ಭಾನುವಾರದ ವಿಷಯಕ್ಕೆ ಬರೋಣ, ಹದಿನೇಳನೆಯ ಸರಣಿಯನ್ನು ಆಗ ತಾನೇ ತೋರಿಸಿದ್ದರು. ನೀನು ಊಟಕ್ಕೆ ಬಂದಿದ್ದೆ. ಎಂದಿನಂತೆ ಕಿಟಕಿಯ ಬೆಳಕು ಮುಖಕ್ಕೆ ಬೀಳುವ ಕುರ್ಚಿಯಲ್ಲಿ ಕೂತಿದ್ದೆ. ಎಂದಿನಂತೆ ನಾನು ಹೊಸ ಕಾರ್ಡುಗಳ ಪಟ್ಟಿ ಹಿಡಿದು ಒಂದೊಂದನ್ನೇ ಗಟ್ಟಿಯಾಗಿ ಓದಿದೆ. ಹರಕು ಚೀಲದವಳು, ಮೇಜಿಗಿಳಿಸಲು ಖರ್ಚು ಎರಡು ಶಕ್ತಿ, ಪ್ರತಿ ಸರದಿಯಲ್ಲೂ ಕೈಯಲ್ಲಿರುವ ಒಂದು ಕಾರ್ಡು ಬಿಸಾಡಿ ಬದಲಿಗೆ ಹೊಸದೊಂದನ್ನು ಎತ್ತಿಕೊಳ್ಳಬೇಕು ಅಂತ ಓದಿದೆ. ನೀನು ತಟ್ಟೆಯಿಂದ ತಲೆ ಎತ್ತಲಿಲ್ಲ. ಯಾಕೋ ಉಪ್ಪು ಕಡಿಮೆ ಆಗಿದೆ ಕಣೇ ಅಕ್ಕಾ ಅಂದೆ. ಆಮೇಲೆ ಗೂಳಿಯನ್ನು ಓದಿದೆ. ಅಲ್ಲಿ ನೀನು ಕೆಳತುಟಿಯನ್ನು ಒಳಗೆ ಎಳೆದುಕೊಂಡೆ. ಎಳೆದುಕೊಂಡು ನನ್ನನ್ನು ನೋಡಿ, ಥಟ್ಟನೆ ಕಣ್ಣು ತಪ್ಪಿಸಿದೆ. ನಾಟಕದವರು ಕೂಡ ಅಷ್ಟು ಚೆನ್ನಾಗಿ ಮಾಡುವುದಿಲ್ಲ.

ಹೌದು, ನಾನು ನಿನ್ನ ತುಟಿ ನೋಡುತ್ತಿದ್ದೆ. ಬರೆದೇಬಿಟ್ಟೆ. ಚಿಕ್ಕಂದಿನಲ್ಲಿ ನೀನು ಏನಾದರೂ ಒಡೆದರೆ ಅಮ್ಮ ನಿನ್ನನ್ನು ಕೇಳುತ್ತಿರಲಿಲ್ಲ, ಅವಳ ಮುಖ ನೋಡ್ಕೊಂಡು ಬಾ ಅಂತ ನನ್ನನ್ನು ಕಳಿಸುತ್ತಿದ್ದಳು. ಗುಟ್ಟು ಇದ್ದಾಗಲೆಲ್ಲ ನಿನ್ನ ಕೆಳತುಟಿ ಒಳಗೆ ಹೋಗುತ್ತದೆ. ನಿನಗೆ ಕಂಪನಿಯಲ್ಲಿ ಕೆಲಸ ಸಿಕ್ಕಿ, ಹೊಸ ಕಾರ್ಡುಗಳನ್ನು ಹೊರಗೆ ಬಿಡುವ ಮೊದಲು ತಿಂಗಳುಗಟ್ಟಲೆ ಆಡಿ ನೋಡುವ ಕೋಣೆಗೆ ಸೇರಿದೆಯಲ್ಲ, ಅದೂ ಸರಿಯಾಗಿ ನಾಲ್ಕು ವರ್ಷದ ಹಿಂದೆ. ಒಳಗಿನ ಒಂದು ಮಾತೂ ಹೊರಗೆ ಹೇಳುವುದಿಲ್ಲ ಎಂದು ಬರೆದುಕೊಟ್ಟಿದ್ದೆ, ಹೇಳಲೂ ಇಲ್ಲ. ನಾನೂ ಒಂದು ದಿನ ಕೇಳಲಿಲ್ಲ. ಸುಮ್ಮನೆ ಊಟಕ್ಕೆ ಕರೆದು, ಬೆಳಕಿಗೆ ಕೂರಿಸಿ, ಓದುತ್ತಾ ಹೋದೆ. ತುಟಿ ಒಳಗೆ ಹೋದ ಕಾರ್ಡಿಗೆ ಐದು ಹಾಕಿದೆ. ಅದಕ್ಕೆ ಮೊದಲು ನನ್ನ ಅಂಕಗಳು ಅರ್ಧಕ್ಕರ್ಧ ತಪ್ಪುತ್ತಿದ್ದವು, ಅದು ಯಾರಿಗೂ ನೆನಪಿಲ್ಲ.

ಇದು ನಿನಗೆ ಗೊತ್ತಿಲ್ಲ ಅಂದುಕೊಂಡಿದ್ದೆ ನೋಡು, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ನನಗೆ ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ನೀನು ಬರುವ ಮೊದಲು ನಾನೇ ಆ ಪಟ್ಟಿ ಓದಿದ್ದೆ. ಹರಕು ಚೀಲದವಳನ್ನು ಎರಡು ಸಲ ಓದಿದೆ. ಬಿಸಾಡುವುದು ನಷ್ಟವಲ್ಲ, ಕೆಲಸಕ್ಕೆ ಬಾರದ್ದನ್ನು ಕೊಟ್ಟು ಪ್ರತಿ ಸರದಿಯೂ ಹೊಸದನ್ನು ತಗೊಳ್ಳುವುದು ಎಂದು ಹೊಳೆಯಿತು. ಪೆನ್ಸಿಲಿನಲ್ಲಿ ನಾಲ್ಕು ಅಂತ ಬರೆದಿದ್ದೆ ಕಣೇ. ಆಮೇಲೆ ನಿನ್ನ ಮುಖ ನೋಡಿ, ಅದನ್ನು ಅಳಿಸಿ ಒಂದು ಹಾಕಿದೆ. ಗೂಳಿಗೆ ಎರಡು ಬರೆದಿದ್ದೆ, ಅದನ್ನೂ ಅಳಿಸಿದೆ. ನನ್ನ ತಲೆ ಹೇಳಿದ್ದನ್ನು ಬಿಟ್ಟು ನಿನ್ನ ತುಟಿ ಹೇಳಿದ್ದನ್ನು ನಂಬಿದೆ. ನೀನು ಮೋಸ ಮಾಡಿದ್ದಕ್ಕಿಂತ ಅದು ಹೆಚ್ಚು ಉರಿಯುತ್ತದೆ.

ಮಂಗಳವಾರದವರೆಗೆ ನನಗೆ ತಿಳಿದಿದ್ದು ಇಷ್ಟೇ. ತಂಗಿ ಬೇಕೆಂದೇ ಅಕ್ಕನ ಮುಖಕ್ಕೆ ಮಸಿ ಬಳಿದಳು, ಕಾರ್ಡು ಅಂಗಡಿಗೆ ಬಂದ ಮೇಲೆ ಮುಖ ತೋರಿಸಲಾರದೆ ಬಚ್ಚಿಟ್ಟುಕೊಂಡಳು, ಅಷ್ಟೇ. ಮಂಗಳವಾರ ಬೆಳಿಗ್ಗೆ ನಿಮ್ಮ ಕಂಪನಿಯಲ್ಲಿ ಕಾರ್ಡು ಕತ್ತರಿಸುವ ಯಂತ್ರದವಳು ನಮ್ಮ ಅಂಗಡಿಗೆ ಬಂದಳು. ಹತ್ತಿರದ್ದು ಕಾಣುವುದಿಲ್ಲ, ಹೊಸ ಕನ್ನಡಕ ಬೇಕು ಅಂದಳು. ಗಾಜು ಬದಲಾಯಿಸುತ್ತಾ ನಿನ್ನ ವಿಷಯ ಎತ್ತಿದೆ. ಅವಳ ಹುಬ್ಬು ಗಂಟಾಯಿತು. ಗಾಜಿನಿಂದ ಆದದ್ದಲ್ಲ ಎಂದು ಗೊತ್ತಾಯಿತು. ಹದಿನಾರು ವರ್ಷದಿಂದ ಹುಬ್ಬುಗಳನ್ನೇ ನೋಡುತ್ತಿದ್ದೇನೆ. ಬಿಡದೆ ಕೇಳಿದೆ.

ಮೇಲಿನವರು ನನ್ನ ಹದಿನಾರು ಸರಣಿಯ ಅಂಕಗಳನ್ನೆಲ್ಲ ಕತ್ತರಿಸಿ ಒಂದು ಕಡತ ಮಾಡಿದ್ದಾರಂತೆ. ಯಾರಿಗೂ ಇಷ್ಟು ಸರಿಯಾಗಿ ಹೇಳೋಕೆ ಸಾಧ್ಯನೇ ಇಲ್ಲ, ಅಕ್ಕನಿಗೆ ತಂಗಿ ಹೇಳಿಕೊಡ್ತಾಳೆ ಅಂತ ನಿನ್ನನ್ನು ಕೂರಿಸಿ ಮೂರು ಸಲ ಕೇಳಿದರಂತೆ. ನೀನು, ನಾನು ನಮ್ಮಕ್ಕನ ಹತ್ರ ಒಂದು ಮಾತೂ ಆಡಿಲ್ಲ, ಬೇಕಾದ್ರೆ ಈ ಸಲ ಅವಳ ಅಂಕ ನೋಡಿ ಅಂದೆಯಂತೆ. ಅದಾದ ಮೇಲಿನ ಭಾನುವಾರವೇ ನೀನು ಬಂದು ಉಪ್ಪು ಕಡಿಮೆ ಅಂದದ್ದು. ನನ್ನ ತಪ್ಪೇ ನಿನಗೆ ಸಾಕ್ಷಿಯಾಯಿತು. ಆದರೆ ಅವರಿಗೆ ಅಷ್ಟಕ್ಕೇ ಸಮಾಧಾನವಿಲ್ಲ, ಒಂದು ಸಲ ತಪ್ಪಿದ್ರೆ ಸಾಲದು, ಮುಂದಿನ ಸರಣಿನೂ ನೋಡಿ ಆಮೇಲೆ ಕಡತ ಮುಚ್ಚೋಣ ಅಂದಿದ್ದಾರಂತೆ. ಆ ಸರಣಿಯಲ್ಲಿ ನಾನು ಮತ್ತೆ ಸರಿ ಹೇಳಿದರೆ ನಿನ್ನ ಕೆಲಸ ಹೋಗುತ್ತದೆ. ಯಂತ್ರದವಳು ಇದನ್ನೆಲ್ಲ ಹೇಳಿ, ಕನ್ನಡಕ ಹಾಕಿಕೊಂಡು, ಈಗ ಚೆನ್ನಾಗಿ ಕಾಣ್ತಿದೆ ಅಂತ ಹೊರಟುಹೋದಳು.

ಈಗ ನನ್ನ ನಿಜವಾದ ಸಿಟ್ಟು ಕೇಳು. ನನಗೆ ಒಂದು ಮಾತು ಹೇಳಬಾರದಿತ್ತೇ? ಅಕ್ಕಾ, ನಿನ್ನಿಂದ ನನ್ನ ಅನ್ನಕ್ಕೆ ಕಲ್ಲು ಬೀಳ್ತಿದೆ, ಈ ಸಲ ತಪ್ಪು ಬರೀ ಅಂತ ಒಂದು ಮಾತು! ನಾನೇನು ಪರಕೀಯಳೇ? ನೀನು ಹೇಳಿದ್ದರೆ ನಗುನಗುತ್ತಾ ತಪ್ಪು ಬರೆಯುತ್ತಿದ್ದೆ. ಗೂಳಿಗೆ ಐದಲ್ಲ, ಐದಕ್ಕೆ ಆರು ಕೊಡುತ್ತಿದ್ದೆ.

ಈ ಸಾಲು ಬರೆದು ಪೆನ್ನು ಕೆಳಗಿಟ್ಟೆ. ಊಟದ ಬಿಡುವು ಮುಗಿಯುತ್ತಾ ಬಂತು, ಡಬ್ಬಿ ಹಾಗೇ ಇದೆ. ಸುಳ್ಳು ಬರೆದು ನಿನಗೆ ಕಳಿಸಲಾರೆ. ನೀನು ಕೇಳಿದ್ದರೂ ನಾನು ತಪ್ಪು ಬರೆಯುತ್ತಿರಲಿಲ್ಲ. ಏನಾದರೂ ನೆಪ ಹೇಳುತ್ತಿದ್ದೆ, ಓದುಗರಿಗೆ ಮೋಸ ಮಾಡಲಾರೆ ಅಂತ ದೊಡ್ಡ ಮಾತಾಡುತ್ತಿದ್ದೆ, ನಿನ್ನನ್ನೇ ಬೈದು ಕಳಿಸುತ್ತಿದ್ದೆ. ಅದು ನಿನಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಲಿಲ್ಲ. ನಿನಗೆ ನನ್ನ ಬಗ್ಗೆ ಅಷ್ಟು ಚೆನ್ನಾಗಿ ಗೊತ್ತಿರುವುದಕ್ಕೂ ನನಗೆ ಸಿಟ್ಟು ಬರುತ್ತದೆ. ಹದಿನಾರು ಸಲ ನಿನ್ನ ಕೈಯಿಂದ ಕಿತ್ತುಕೊಂಡು ತಿಂದು, ಹದಿನೇಳನೇ ಸಲ ಕೈ ಕೊಟ್ಟೆ ಅಂತ ನಿನ್ನನ್ನೇ ಬೈಯಲು ಕೂತಿದ್ದೇನೆ ನೋಡು.

ಆದರೂ ಬೈಯುತ್ತೇನೆ. ಐದು ಭಾನುವಾರ ನಾನೊಬ್ಬಳೇ ಊಟ ಮಾಡಿದ್ದೇನೆ. ಅದಕ್ಕಾದರೂ ಬೈಯುವ ಹಕ್ಕು ನನಗಿದೆ.

ಹೊಸ ಸರಣಿಯ ಮೊದಲ ಒಂಬತ್ತು ಕಾರ್ಡುಗಳನ್ನು ಸೋಮವಾರ ತೋರಿಸಿದ್ದಾರೆ. ಸಂಪಾದಕರು ನಾಳೆ ಸಂಜೆಯೊಳಗೆ ಅಂಕ ಕಳಿಸಿ, ಇದೂ ತಪ್ಪಿದ್ರೆ ಅಂಕಣ ಬೇರೆಯವರಿಗೆ ಕೊಡಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ ಅಂದಿದ್ದಾರೆ. ಪಟ್ಟಿ ನನ್ನ ಚೀಲದಲ್ಲಿದೆ. ಇನ್ನೂ ತೆಗೆದು ನೋಡಿಲ್ಲ. ಗಿರಾಕಿ ಬಂದರು, ಇಲ್ಲಿಗೆ ನಿಲ್ಲಿಸುತ್ತೇನೆ.

ಸಿಟ್ಟಿನಲ್ಲೇ ಇರುವ,
ನಿನ್ನ ಅಕ್ಕ

ಮರೆತದ್ದು, ಶುಕ್ರವಾರ:

ನಿನ್ನೆ ಈ ಕಾಗದವನ್ನು ಅಂಚೆಗೆ ಹಾಕಲಿಲ್ಲ. ಸಂಜೆ ಮನೆಗೆ ಹೋಗಿ ಪಟ್ಟಿ ತೆಗೆದೆ. ಎದುರಿನ ಕುರ್ಚಿ ಖಾಲಿ ಇತ್ತು, ನಾನೊಬ್ಬಳೇ ಕೂತು ಓದಿದೆ. ಆರನೆಯ ಕಾರ್ಡು ‘ಪಕ್ಕದ ಮನೆಯ ಏಣಿ’. ಎದುರಿನವರು ತಮ್ಮ ಸರದಿಯಲ್ಲಿ ಬಳಸದೆ ಉಳಿಸಿದ ಶಕ್ತಿ ನಮ್ಮ ಸರದಿಗೆ ಸಿಗುತ್ತದೆ, ಅಷ್ಟೇ. ಬೇರೆ ಅಂಕಣದವರೆಲ್ಲ ಅದನ್ನು ಕಸ ಅಂದಿದ್ದಾರೆ, ಚೆನ್ನಾಗಿ ಆಡುವವರು ಏನೂ ಉಳಿಸುವುದಿಲ್ಲವಂತೆ. ನಾನು ಹಳೆಯ ಪಂದ್ಯಗಳ ಟಿಪ್ಪಣಿ ತೆಗೆದು ಒಂದೊಂದೇ ಸರದಿ ನೋಡಿದೆ. ಎಲ್ಲರೂ ಉಳಿಸುತ್ತಾರೆ ಕಣೇ. ಚಾಂಪಿಯನ್ನರೂ ಒಂದೋ ಎರಡೋ ಉಳಿಸಿಯೇ ಉಳಿಸುತ್ತಾರೆ. ಅದು ಐದಕ್ಕೆ ಐದರ ಕಾರ್ಡು. ಈ ನಾಲ್ಕು ವರ್ಷದಲ್ಲಿ ಯಾರ ಮುಖವನ್ನೂ ನೋಡದೆ ನಾನೇ ಕಂಡುಹಿಡಿದು, ಕೊನೆಯವರೆಗೆ ನಂಬಿದ್ದು ಇದೊಂದೇ.

ಅದಕ್ಕೆ ಒಂದು ಅಂಕ ಹಾಕಿ ಈಗ ತಾನೇ ಸಂಪಾದಕರ ಕೈಗೆ ಕೊಟ್ಟು ಬಂದೆ. ನನ್ನನ್ನು ನಂಬಿದವರಿಗೆ ಮಾಡಿದ ಮೋಸ ಇದು, ಅದರ ಭಾರ ನನಗಿರಲಿ. ಏಣಿ ಗೆಲ್ಲಲು ಶುರುವಾದ ದಿನ ನನ್ನ ಅಂಕಣ ಹೋಗುತ್ತದೆ, ನಿನ್ನ ಕಡತ ಮುಚ್ಚುತ್ತದೆ. ನಾನು ಹೇಳಿದ ಐದು ಸರಿಯೋ ತಪ್ಪೋ ಎಂದು ನೀನು ಹೇಳುವುದು ಬೇಡ. ಇದನ್ನು ಓದಿ ಹರಿದು ಹಾಕು. ಕಡತ ಮುಚ್ಚಿದ ಮೇಲಿನ ಭಾನುವಾರ ಊಟಕ್ಕೆ ಬಾ, ಯಾವ ಕುರ್ಚಿಯಲ್ಲಾದರೂ ಕೂರು.