ನಾಚಾರಂ ಮನೆಗೆ ಬಂದ ಗಿರಾಕಿ

ನಾರಾಯಣಗೂಡ, ಹೈದರಾಬಾದ್
೯ ಆಗಸ್ಟ್ ೧೯೮೮, ಮಂಗಳವಾರ

ಪ್ರೀತಿಯ ಅಣ್ಣಾ,

ನಿನ್ನ ತಂಗಿ ಶಿವದೇವಿಯ ನಮಸ್ಕಾರ. ಆರೋಗ್ಯವಾಗಿದ್ದೀಯಾ? ಎಲ್ಲ ಕಾಗದದಲ್ಲೂ ಇರುವ ಮಾತೇ ಎಂದು ಕಣ್ಣಾಡಿಸಿ ಮುಂದೆ ಹೋಗಬೇಡ. ಈ ಸಲ ನಿಜವಾಗಿ ಕೇಳುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಮಸ್ಕತ್ತಿನ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತಿದ್ದುದು ನಿಂತಿತೇ, ರಾತ್ರಿ ನಿದ್ದೆ ಬರುತ್ತದೆಯೇ, ಎಲ್ಲ ಬರೆ. ನಿನ್ನ ಕೈಯಾರೆ ಬರೆ, ಬೇರೆಯವರಿಂದ ಬರೆಸಬೇಡ. ಯಾಕೆಂದರೆ ಹೋದ ಶುಕ್ರವಾರ ಬೆಳಿಗ್ಗೆ ಕಾಲು ಗಂಟೆ ಹೊತ್ತು ನೀನು ಈ ಲೋಕದಲ್ಲೇ ಇಲ್ಲ ಎಂದು ನಂಬಿಬಿಟ್ಟಿದ್ದೆ. ನಾಲ್ಕು ದಿನವಾದ ಮೇಲೆ ಈಗ ಬರೆಯಲು ಕೂತಿದ್ದೇನೆ. ಅಕ್ಷರ ಸೊಟ್ಟಗಾಗಿದ್ದರೆ ಹೊಟ್ಟೆಗೆ ಹಾಕಿಕೊಂಡು ಓದು.

ಮೊದಲಿನಿಂದ ಹೇಳುತ್ತೇನೆ. ನಾವಿರುವ ಈ ಬಾಡಿಗೆ ಮನೆಯ ಮಾಲೀಕರಿಗೆ ಮಗನ ಮದುವೆ ಗೊತ್ತಾಗಿದೆ, ದೀಪಾವಳಿಗೆ ಮನೆ ಬಿಡಿ ಎಂದಿದ್ದಾರೆ. ಹನ್ನೊಂದು ವರ್ಷದಲ್ಲಿ ಇದು ನಾಲ್ಕನೇ ಮನೆ. ಇನ್ನು ನನ್ನಿಂದ ಪಾತ್ರೆ ಕಟ್ಟಲು ಆಗುವುದಿಲ್ಲ, ಸಣ್ಣದಾದರೂ ಸ್ವಂತದ್ದು ಬೇಕು ಎಂದು ನಾನು ಹಟ ಹಿಡಿದು ಕೂತೆ. ನಮ್ಮವರು, ನಿನಗೆ ಗೊತ್ತಲ್ಲ, ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಕೂತು ಕೂತು ಮನೆಯಲ್ಲೂ ಮೂರು ಸಲ ಕೂಡಿ ನೋಡದೆ ಹ್ಞೂಂ ಎನ್ನುವವರಲ್ಲ. ಕೊನೆಗೆ ಹೊರಗಿನ ಕಾಟ ತಪ್ಪಲಿ ಎಂದೋ, ನನ್ನ ಕಾಟ ತಪ್ಪಲಿ ಎಂದೋ, ಒಪ್ಪಿ ಒಬ್ಬ ದಲಾಲನನ್ನು ಗೊತ್ತು ಮಾಡಿದರು. ಹೆಸರು ಸೂಗಪ್ಪ. ನಮ್ಮ ಗುಲ್ಬರ್ಗಾ ಕಡೆಯವನೇ, ಅರವತ್ತರ ಆಸುಪಾಸು, ಹಣೆ ತುಂಬ ವಿಭೂತಿ. ಮಾತು ಕೇಳಿದರೆ ಬೆಣ್ಣೆ. ಈಗ ಆಷಾಢ, ಯಾರೂ ವ್ಯವಹಾರ ಮಾಡುವುದಿಲ್ಲ, ನೋಡಿಟ್ಟುಕೊಂಡರೆ ಶ್ರಾವಣ ಬಿದ್ದ ಕೂಡಲೇ ಮಾತು ಮುಗಿಸಬಹುದು ಎಂದು ನನ್ನನ್ನು ಹೊರಡಿಸಿದ. "ಮೊದಲ ಹೆಣ್ಣಮಕ್ಕಳು ಅಡಿಗಿಮನಿ ನೋಡಿ ಹ್ಞೂಂ ಅನ್ನಬೇಕ್ರಿ ಬಾಯಾರ, ಗಂಡಸರದು ಆಮ್ಯಾಲಿನ ಮಾತು" ಎಂದ. ಇವರು ಆಫೀಸಿಗೆ ಹೋದರು, ನಾನು ಆಟೋ ಹತ್ತಿದೆ.

ಈ ದಲಾಲರ ರೀತಿ ಒಂದುಂಟು. ಯಾರ ಮನೆ, ಯಾವ ಗಲ್ಲಿ, ಏನೂ ಬಾಯಿಬಿಡುವುದಿಲ್ಲ. ಹೇಳಿದರೆ ನಾಳೆ ಕೊಳ್ಳುವವರೂ ಮಾರುವವರೂ ತಾವು ತಾವೇ ಮಾತಾಡಿಕೊಂಡು ಅವನ ಪಾಲು ತಪ್ಪಿಸುತ್ತಾರಂತೆ. ನಾಚಾರಂ ಕಡೆ ಎಂದಷ್ಟೇ ಹೇಳಿದ. ಕೇಳಿ ನನ್ನ ಮುಖ ಗಂಟಾಯಿತು. ಯಾಕೆ ಎಂದು ನಿನಗೆ ಹೇಳಬೇಕೇ? ನಿನ್ನ ಮನೆ ಇರುವುದು ಅಲ್ಲೇ, ನಿನ್ನ ಹೆಂಡತಿ, ನಮ್ಮ ವೈನಿಗೂ ನನಗೂ ಮಾತು ಬಿಟ್ಟು ಒಂದೂವರೆ ವರ್ಷ. ನಾನು ಗಂಗೂಬಾಯಿ ಅತ್ತೆಗೆ ಆಯೇರಿ ಉಡುಗೊರೆ ಕೊಟ್ಟಿದ್ದ ಸೀರೆಯನ್ನೇ, ಎಲ್ಲೆಲ್ಲೋ ತಿರುಗಿ ಬಂದದ್ದನ್ನು, ವೈನಿ ನನ್ನ ಮಡಿಲಿಗೆ ಹಾಕಿದ್ದಳಲ್ಲ, ಅಂದಿನಿಂದ. ನಾಚಾರಮ್ಮಿನಲ್ಲಿ ಇರುವುದು ಅವಳೊಬ್ಬಳೇ ಏನು, ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿದರಾಯಿತು ಎಂದುಕೊಂಡೆ. ಮುಂದೆ ಡ್ರೈವರನ ಪಕ್ಕದಲ್ಲಿ ಕೂತಿದ್ದ ಸೂಗಪ್ಪ ಹಿಂದೆ ತಿರುಗಿ ದಾರಿಯುದ್ದಕ್ಕೂ ಪಾಠ ಹೇಳಿದ. ಮನೆ ಚೆನ್ನಾಗಿದೆ ಎಂದು ಅವರೆದುರಿಗೆ ಅನ್ನಬಾರದು, ಬೆಲೆ ಏರುತ್ತದೆ. ಏನೂ ಕೇಳಬಾರದು, ಎಲ್ಲ ಅವನೇ ಕೇಳುತ್ತಾನೆ. ಆಮೇಲೆ ದನಿ ತಗ್ಗಿಸಿ ಹೇಳಿದ: "ಪಾಪದ ಮನಿರಿ ಅದು. ಆ ಹೆಣ್ಣಮಗಳ ಗಂಡ ಪರದೇಶದಾಗ ತೀರಿಕೊಂಡು ಆರು ತಿಂಗಳಾತು. ಸಣ್ಣ ಕೂಸು ಒಂದೈತಿ. ಅದಕ್ಕ ಲಗೂ ಮಾರಿ ತವರಿಗೆ ಹೊಂಟಾಳ." ಅಯ್ಯೋ ಪಾಪ ಎಂದೆ. ನಿನ್ನ ಹತ್ತಿರ ಸುಳ್ಳು ಯಾಕೆ, ಬಾಯಲ್ಲಿ ಅಯ್ಯೋ ಪಾಪ ಎನ್ನುತ್ತಲೇ, ಹಾಗಾದರೆ ಬೆಲೆಯಲ್ಲಿ ಸ್ವಲ್ಪ ಎಳೆದಾಡಬಹುದು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಥೂ, ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆ.

ನಾನು ನಿಮ್ಮ ಮನೆಗೆ ಯಾವಾಗಲೂ ಬಸ್ ಸ್ಟಾಪಿನ ಕಡೆಯಿಂದ ಬಂದವಳು. ಇವನು ಹಿಂದಿನ ಕಾರ್ಖಾನೆಗಳ ರಸ್ತೆಯಿಂದ "ಇಧರ್ ಸೇ ಲೇಲೋ ಭಾಯ್" ಎನ್ನುತ್ತ ಸುತ್ತಿಸಿ ತಂದ. ಗೊತ್ತೇ ಆಗಲಿಲ್ಲ. ಹಿಟ್ಟಿನ ಗಿರಣಿ ಕಣ್ಣಿಗೆ ಬಿದ್ದಾಗಲೇ ಗುರುತು ಸಿಕ್ಕಿದ್ದು. ಗಿರಣಿ ದಾಟಿ ಮೂರನೆಯದು ನಿನ್ನ ಮನೆ. ಮೊದಲನೆಯದು ದಾಟಿತು, ಎರಡನೆಯದು ದಾಟಿತು, ಸೂಗಪ್ಪ "ಬಸ್, ಬಸ್, ಯಹೀಂ" ಎಂದ. ಆಟೋ ನಿಂತದ್ದು ನಿನ್ನ ಹಸಿರು ಗೇಟಿನ ಮುಂದೆ. ಅಣ್ಣಾ, ಪರದೇಶ, ಆರು ತಿಂಗಳು, ಸಣ್ಣ ಕೂಸು, ಎಲ್ಲ ಒಂದೇ ಏಟಿಗೆ ತಲೆಯ ಮೇಲೆ ಬಿತ್ತು. ನಿನ್ನ ಕಾಗದ ನನಗೆ ಕೊನೆಯ ಸಲ ಬಂದದ್ದು ದೀಪಾವಳಿಗೆ, ಅದೂ ನೆನಪಾಯಿತು. ಮಾತು ಬಿಟ್ಟಿದ್ದಾಳೆ ಎಂದು ನನಗೆ ಸುದ್ದಿಯನ್ನೂ ಕಳಿಸಲಿಲ್ಲವೇ, ನನ್ನ ಅಣ್ಣನ ಮಣ್ಣಿಗೂ ನನ್ನನ್ನು ಕರೆಯಲಿಲ್ಲವೇ ಎಂದುಕೊಳ್ಳುತ್ತ ಇಳಿದೆ. ಇಳಿದದ್ದು ಗೊತ್ತು, ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಅಷ್ಟರಲ್ಲಿ ಬಾಗಿಲು ತೆರೆಯಿತು. ವೈನಿ ನಿಂತಿದ್ದಳು. ಹಣೆಯಲ್ಲಿ ಕುಂಕುಮ ಇರಲಿಲ್ಲ. ಕೊರಳಲ್ಲಿ ತಾಳಿ ಇರಲಿಲ್ಲ. ಕೈಯಲ್ಲಿ ಒಂದು ಬಳೆಯೂ ಇರಲಿಲ್ಲ.

ನಾನು ಹೊಸ್ತಿಲ ಮೇಲೆಯೇ ಕುಸಿದು ಬಿದ್ದು "ಅಣ್ಣಾ" ಎಂದು ಕಿರುಚಿಕೊಂಡೆನಂತೆ. ಎದುರು ಮನೆಯವರೆಲ್ಲ ಹೊರಗೆ ಬಂದರಂತೆ. ಸೂಗಪ್ಪನಿಗೆ ಏನೂ ತಿಳಿಯದೆ "ಬಿಸಿಲಿಗೆ ಚಕ್ಕರ್ ಬಂದೈತಿ" ಎಂದು ಸೋಡಾ ತರಿಸಲು ಓಡಾಡುತ್ತಿದ್ದ. ನಾನು ಎದೆ ಎದೆ ಬಡಿದುಕೊಂಡು ಅಳುತ್ತಿದ್ದೇನೆ, ನೀನು ಗುಲ್ಬರ್ಗಾದಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟದ್ದನ್ನು ಹೇಳಿ ಹೇಳಿ ಅಳುತ್ತಿದ್ದೇನೆ, ಇವಳು ಮಾತ್ರ ಕಲ್ಲಿನ ಹಾಗೆ ನಿಂತಿದ್ದಾಳೆ. ನಾನು ಅಳುತ್ತಿರುವುದು ಯಾಕೆ ಎಂದು ಹೊಳೆದ ಕೂಡಲೇ ಒಳಗೆ ಓಡಿದಳು. ಕುಂಕುಮದ ಭರಣಿಯನ್ನೇ ತಂದು, ಐದೂ ಬೆರಳು ಅದ್ದಿ ಹಣೆಗೆ ಒತ್ತಿಕೊಂಡಳು. ಮೂಗು, ಕೆನ್ನೆ, ಸೀರೆ, ಎಲ್ಲ ಕೆಂಪು. "ಅದಾರ, ಶಿವದೇವಿ, ನಿಮ್ಮಣ್ಣ ಅದಾರ! ಚೊಲೋ ಅದಾರ! ನೋಡಿಲ್ಲಿ, ಹೋದ ವಾರನ ಕಾಗದ ಬಂದೈತಿ" ಎಂದು ನಿನ್ನ ಕಾಗದವನ್ನು ನನ್ನ ಮುಖಕ್ಕೆ ಹಿಡಿದಳು. ತಾರೀಖನ್ನು ಮೂರು ಸಲ ಓದಿದೆ. ನಿನ್ನದೇ ಕೋಳಿಕಾಲು ಅಕ್ಷರ. ಓದಿ ಎದ್ದು, ಹಿರಿಯವಳು ಎಂದೂ ನೋಡದೆ ಅವಳ ಹೆಗಲಿಗೆ ಒಂದು ಏಟು ಹಾಕಿದೆ. ಆಮೇಲೆ ಇಬ್ಬರೂ ತಬ್ಬಿಕೊಂಡು ಅತ್ತೆವು. ಒಂದೂವರೆ ವರ್ಷದ ಮೇಲೆ ನಾವು ಮಾತಾಡಿದ್ದು ಹೀಗೆ.

ಈಗ ಕೂತಲ್ಲಿಂದ ಏಳದೆ ಓದು. ವೈನಿ ಮನೆ ಮಾರಲು ಹೊರಟು ಎರಡು ತಿಂಗಳಾಗಿದೆ. ಮನೆ ಅವಳ ಹೆಸರಿನಲ್ಲಿದೆ, ನೀನೇ ಪ್ರೀತಿಯಿಂದ ಮಾಡಿಸಿದ್ದು. ಮೊದಲು ನೋಡಿದ ಇಬ್ಬರೂ, ಗಂಡ ಪರದೇಶದಲ್ಲಿದ್ದಾನೆ, ನಾಳೆ ಬಂದು ತಕರಾರು ಮಾಡುತ್ತಾನೆ, ಅವನ ಸಹಿ ತನ್ನಿ ಎಂದು ಹೊರಟುಹೋದರಂತೆ. ನಿನ್ನ ಸಹಿ ಕೇಳಿದರೆ ನೀನು ಬೇಡ ಎನ್ನುತ್ತೀಯ. ಆಗ ಆ ಸೂಗಪ್ಪ, ಅವನ ನಾಲಿಗೆಗೆ ಹುಳ ಬೀಳಲಿ, ಗಂಡ ಇಲ್ಲ ಎಂದುಬಿಡೋಣ, ಯಾರೂ ಸಹಿ ಕೇಳುವುದಿಲ್ಲ ಎಂದನಂತೆ. ಇವಳು ಮೊದಲು ಚಪ್ಪಲಿ ತೋರಿಸಿದಳಂತೆ. ಎಂಟು ದಿನವಾದ ಮೇಲೆ ತಾನೇ ಕರೆದು, ಆ ಮಾತು ನನ್ನ ಬಾಯಿಂದ ಬರುವುದಿಲ್ಲ, ನೀನು ಹೊರಗೆ ಹೇಳು, ನಾನು ಸುಮ್ಮನೆ ನಿಂತಿರುತ್ತೇನೆ ಎಂದಳಂತೆ. ಗಿರಾಕಿ ಬರುವುದು ಮಗಳು ಶಾಲೆಗೆ ಹೋದ ಮೇಲೆಯೇ. ಒಂದು ದಿನ ಕೂಸು ಬೇಗ ಬಂದು ನೋಡಿ, "ಅವ್ವಾ, ಕುಂಕುಮ ಮರ್ತೀದಿ" ಎಂದು ತಾನೇ ತಂದು ಹಚ್ಚಿತಂತೆ. ಮಗಳ ಮುಂದೆ ಇಂಥದ್ದು ಮಾಡಿಕೊಂಡೆಯಲ್ಲ ಎಂದು ನಾನು ಬೈದೆ.

ಯಾಕೆ ಮಾರುತ್ತೀ, ಏನು ಕಡಿಮೆಯಾಗಿದೆ ನಿನಗೆ ಎಂದು ಕೇಳಿದೆ. ಏನೂ ಕಡಿಮೆಯಿಲ್ಲವಂತೆ. ಅದೇ ಅವಳ ಸಿಟ್ಟು. ನೀನು ಎರಡೇ ವರ್ಷ ಎಂದು ಹೇಳಿ ಹೋದೆ, ಆರಾಯಿತು. ಮೊದಲು ಜಾಗಕ್ಕಾಗಿ ಎಂದೆ, ಆಮೇಲೆ ಗೋಡೆ, ಆಮೇಲೆ ಕಿಟಕಿಗೆ ಸಾಗವಾನಿ, ಈಗ ಮಾಳಿಗೆ. ಪ್ರತಿ ಕಾಗದದಲ್ಲೂ ಇನ್ನೊಂದೇ ವರ್ಷ. ಬಂದರೆ ಒಂದು ತಿಂಗಳು ಬರುತ್ತೀಯ, ಆ ತಿಂಗಳೂ ಗಾರೆಯವರ ಹಿಂದೆ ನಿಲ್ಲುತ್ತೀಯ. "ನೋಡು ಶಿವದೇವಿ, ಮನಿ ಕಟ್ಟೂದು ಮುಗಿಯಂಗಿಲ್ಲ, ನಿಮ್ಮಣ್ಣ ಬರಂಗಿಲ್ಲ. ಇದು ಮನಿ ಅಲ್ಲ, ನನ್ನ ಸವತಿ. ಇದನ್ನ ಮೊದಲ ಹೊರಗ ಹಾಕ್ತೀನಿ. ಕಟ್ಟಾಕ ಮನಿನ ಇಲ್ಲಂದ್ರ ಅಲ್ಲಿ ಕುಂತು ಏನು ಮಾಡ್ತಾರ?" ಎಂದಳು. ಬುದ್ಧಿ ಇದೆಯಾ ನಿನಗೆ ಎಂದು ಕೂಗಾಡಿದೆ. ಅಣ್ಣಾ, ನಾನು ಯಾವತ್ತೂ ನಿನ್ನ ಕಡೆಯವಳು. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳು ಯಾವುದು ಎಂದು ನೀನೇ ಹುಡುಕಿ ಬರೆ.

ನಮ್ಮವರಿಗೆ ಸಂಜೆ ಹೇಳಿದೆ. ಕೈಯಲ್ಲಿದ್ದ ಚಹಾ ಕೆಳಗಿಟ್ಟು, ರಿಜಿಸ್ಟರ್ ಆಫೀಸಿನಲ್ಲಿ ಮರಣದ ಸರ್ಟಿಫಿಕೇಟ್ ಕೇಳಿದ್ದರೆ ಏನು ಕೊಡುತ್ತಿದ್ದರು ಎಂದರು. ಅವರ ಚಿಂತೆ ಅವರಿಗೆ! ಆದರೆ ಮರುದಿನ ಸೂಗಪ್ಪನನ್ನು ಮನೆಗೆ ಕರೆಸಿ ಅವರು ಹಾಗೆ ಬೈದದ್ದನ್ನು ಮದುವೆಯಾದಾಗಿನಿಂದ ನಾನು ಕೇಳಿರಲಿಲ್ಲ. ಅವನು ಕಾಲಿಗೆ ಬಿದ್ದ. ಇನ್ನು ಆ ಗೇಟು ಮುಟ್ಟುವುದಿಲ್ಲ ಎಂದು ವಿಭೂತಿ ಮುಟ್ಟಿ ಹೇಳಿದ. ವೈನಿ ನನಗೆ ಕೊಟ್ಟ ಮಾತು ಇಷ್ಟೇ: ಕುಂಕುಮ ಇನ್ನು ಒರೆಸಿಕೊಳ್ಳುವುದಿಲ್ಲ. ದಸರೆಯವರೆಗೆ ಯಾರಿಗೂ ಮನೆ ತೋರಿಸುವುದಿಲ್ಲ. ದಸರೆಗೂ ನೀನು ಬಾರದಿದ್ದರೆ ಮುಚ್ಚುಮರೆಯಿಲ್ಲದೆ, ನನ್ನ ಗಂಡ ಮಸ್ಕತ್ತಿನಲ್ಲಿದ್ದಾನೆ ಎಂದು ಹೇಳಿಯೇ ಮಾರುತ್ತಾಳೆ, ಎಷ್ಟು ಬಂದರೆ ಅಷ್ಟಕ್ಕೆ. ಆಗ ಸಾಕ್ಷಿ ಸಹಿ ನಾನು ಹಾಕುತ್ತೇನೆ ಎಂದು ಹೇಳಿ ಬಂದಿದ್ದೇನೆ. ಸಿಟ್ಟು ಬಂದರೆ ಬರಲಿ.

ಇಲ್ಲಿ ನಾವೆಲ್ಲ ಕ್ಷೇಮ. ನಮ್ಮವರು ನಿನಗೆ ಶರಣು ಹೇಳಿದ್ದಾರೆ. ಬಿಸಿಲಲ್ಲಿ ತಲೆಗೆ ಬಟ್ಟೆ ಇಲ್ಲದೆ ತಿರುಗಬೇಡ. ಶರಣಬಸವೇಶ್ವರ ನಿನ್ನನ್ನು ನೂರು ವರ್ಷ ಇಟ್ಟಿರಲಿ.

ನಿನ್ನ ತಂಗಿ,
ಶಿವದೇವಿ

ತಾ.ಕ.: ಕವರು ಅಂಟಿಸುವ ಮುಂಚೆ ಇದೊಂದು. ಬರೆಯಬೇಡ ಎಂದು ವೈನಿ ಆಣೆ ಹಾಕಿದ್ದಾಳೆ, ಆದರೂ ಬರೆಯುತ್ತೇನೆ. ಹೊರಡುವಾಗ, ಕುಂಕುಮ ಒರೆಸಿಕೊಳ್ಳಲು ನಿನಗೆ ಕೈ ಹೇಗೆ ಬಂತು ಎಂದು ಕೇಳಿದೆ. ಅವಳು ಹೇಳಿದ್ದು ಹೀಗೆ: "ಮೊದಲ್ನೇ ದಿನ ಒರಿಸಿಕೊಂಡು ಕನ್ನಡಿ ಮುಂದ ನಿಂತೆ. ಎದಿ ಒಡದು ಸಾಯ್ತೀನಿ ಅಂದ್ಕೊಂಡಿದ್ದೆ. ಏನೂ ಆಗಲಿಲ್ಲ, ಶಿವದೇವಿ. ನಳಾ ಬಂತು, ಕೊಡಾ ತುಂಬಿದೆ. ಅರಬಿ ಒಗದು ಹಾಕಿದೆ. ಎಲ್ಲಾ ದಿನಾ ಇದ್ದಂಗನ ಇತ್ತು. ಅವಾಗ ಭಾಳ ಅಂಜಿಕಿ ಬಂತು." ಅಣ್ಣಾ, ದಸರೆಯವರೆಗೆ ಕಾಯಬೇಡ. ಈ ಕಾಗದ ಮುಟ್ಟಿದ ದಿನವೇ ಹೊರಡು.