ಎಂಟರ್ ಒತ್ತಿದ ಮೇಲೆ

ಕಂಪ್ಯೂಟರಿಗೆ ಪ್ರೋಗ್ರಾಮುಗಳನ್ನು ಹಾಕುವ, ತೆಗೆಯುವ ಲಿನಕ್ಸ್ ಪ್ಯಾಕೇಜ್ ಮ್ಯಾನೇಜರ್ ರಚಿಸಿದ ಮಹಾನುಭಾವರಿಗೆ,

ನಾಟಕ ಕಂಪನಿಯ ದೀಪದವನು ಅಸಹ್ಯ ನುಂಗಿಕೊಂಡು ಮಾಡುವ ನಮಸ್ಕಾರ. ಅಸಹ್ಯ ಅರ್ಧ ನಿಮ್ಮ ಮೇಲೆ, ಅರ್ಧ ಓದದೆ ಒತ್ತಿದ ನನ್ನ ಬೆರಳಿನ ಮೇಲೆ.

ನಿನ್ನೆ ನಮ್ಮಕ್ಕನ ಕೊನೆಯ ಪ್ರದರ್ಶನ. ನಲವತ್ತು ವರ್ಷ ರಾಣಿಯಾಗಿ ಮೆರೆದವಳು ಮಂಡಿನೋವಿಗೆ ಸೋತು ರಂಗ ಬಿಡುವವಳಿದ್ದಳು. ಮಧ್ಯಂತರದಲ್ಲಿ ದೀಪದ ಕಂಪ್ಯೂಟರು ಜಾಗ ಸಾಲದೆಂದು ಗೋಳಾಡಿತು. ಹಳೆಯ ಪ್ರಿಂಟರ್ ಪ್ಯಾಕೇಜೊಂದನ್ನು ತೆಗೆಯಲು ನಿಮ್ಮ ಪ್ರೋಗ್ರಾಮಿಗೆ ಹೇಳಿದೆ. ಅದು ಜೊತೆಗೇ ಅಳಿಸಿಹೋಗುವ ಇನ್ನೂರು ಹೆಸರುಗಳನ್ನು ಕಸದಂತೆ ಸುರಿದು, ‘ಮುಂದುವರಿಯಲೇ?’ ಎಂದಿತು. ಎಂಟರ್ ಒತ್ತಿದೆ. ಆ ಇನ್ನೂರರಲ್ಲಿ ರಂಗದ ದೀಪಗಳನ್ನು ನಡೆಸುವ ಪ್ರೋಗ್ರಾಮೂ ಇತ್ತು.

ರಾಣಿ ಕತ್ತಲಲ್ಲೇ ಪ್ರಾಣಬಿಟ್ಟಳು. “ಸತ್ಲೋ, ಮಲಗಿದ್ಲೋ?” ಎಂದನೊಬ್ಬ ಪ್ರೇಕ್ಷಕ. ಸಭೆಗೆ ಸಭೆಯೇ ನಕ್ಕಿತು.

ಬೇಡಿಕೆ ಇಷ್ಟೇ. ಯಾವ ಕೆಲಸ ನಿಂತುಹೋಗುತ್ತದೆಂದು ಮೊದಲ ಸಾಲಿನಲ್ಲೇ, ಮನುಷ್ಯರ ಮಾತಿನಲ್ಲಿ ಹೇಳಿ. ಬರೀ ಎಂಟರ್ ಒತ್ತಿದರೆ ‘ಬೇಡ’ ಎಂದೇ ತಿಳಿಯಿರಿ. ತೆಗೆದದ್ದನ್ನೆಲ್ಲ ಒಂದೇ ಏಟಿಗೆ ಮರಳಿ ತರುವ ಆಜ್ಞೆಯೊಂದನ್ನು ಕೊಡಿ.

ಅಕ್ಕ ಬೈಯಲಿಲ್ಲ. “ಹೋಗ್ಲಿ ಬಿಡೋ, ಮುಖದ ಸುಕ್ಕಾದ್ರೂ ಯಾರಿಗೂ ಕಾಣ್ಲಿಲ್ಲ” ಅಂದಳು. ಬೆಳಗಾಗಿ ಹೊತ್ತೇರಿದೆ, ಬಣ್ಣವನ್ನು ಮಾತ್ರ ಅವಳಿನ್ನೂ ಒರೆಸಿಕೊಂಡಿಲ್ಲ.

ಇತಿ,
ರಾಣಿಯ ತಮ್ಮ, ದೀಪದವನು